ಜಾಮ್ ಬಿಲ್ಲೆ

ನನ್ನ ಗಂಡ ಚಿದಂಬರ ಡೆನ್ಮಾರ್ಕಿನಿಂದ ವಾಪಸು ಬಂದು ವರ್ಷಗಳೇ ಕಳೆದಿವೆ. ಅಲ್ಲಿಂದ ತಂದ ಜಾಕೆಟ್ಟು ಹರಿದುಹೋಯಿತು, ಚಾಕಲೇಟು ತಿಂದಾಯಿತು, ಒಂದು ತಿಂಡಿಯ ಹೆಸರು ಮಾತ್ರ ಇನ್ನೂ ಮನೆಯಲ್ಲಿ ಉಳಿದಿದೆ. ಹಿನ್‌ಬೇರ್‌ಸ್ನಿಟ್ಟರ್. ಅದನ್ನು ಹೇಳುವಾಗ ಅವರು ಕನ್ನಡಕ ತೆಗೆಯುತ್ತಾರೆ. ಎರಡು ತೆಳು ಬಿಸ್ಕತ್ತಿನ ಹಾಳೆ, ನಡುವೆ ರಾಸ್ಪ್‌ಬೆರಿ ಜಾಮ್, ಮೇಲೆ ಸಕ್ಕರೆಯ ಬಿಳಿ ಲೇಪ, ಲೇಪದ ಮೇಲೆ ಬಣ್ಣಬಣ್ಣದ ಕಾಳು. ಇಷ್ಟನ್ನೂ ಉದ್ದುದ್ದ ಕತ್ತರಿಸಿದರೆ ಮುಗಿಯಿತು. ನಾನು ಅದನ್ನು ಜಾಮ್ ಬಿಲ್ಲೆ ಎನ್ನುತ್ತೇನೆ. ಹಾಗೆ ಕರೆದರೆ ಅವರಿಗೆ ಬೇಜಾರಾಗುತ್ತದೆ. ಆದ್ದರಿಂದಲೇ ಹಾಗೆ ಕರೆಯುತ್ತೇನೆ.

ಕೋಪನ್‌ಹೇಗನ್ನಿನ ನಮ್ಮ ರಾಯಭಾರ ಕಚೇರಿಯಲ್ಲಿ ಅವರಿಗೆ ಮೂರು ವರ್ಷದ ಪೋಸ್ಟಿಂಗ್ ಆಗಿತ್ತು, ಲೆಕ್ಕಪತ್ರದ ವಿಭಾಗದಲ್ಲಿ. ನಾನು ಹೋಗಲಿಲ್ಲ. ಅತ್ತೆ ಹಾಸಿಗೆ ಹಿಡಿದಿದ್ದರು, ಮಗಳು ಸ್ಫೂರ್ತಿಗೆ ಬೋರ್ಡ್ ಪರೀಕ್ಷೆ ಹತ್ತಿರ ಬಂದಿತ್ತು. ಆಗ ನಾವು ದೆಹಲಿಯ ಕರೋಲ್ ಬಾಗ್‌ನಲ್ಲಿ ಸೂಟ್‌ಕೇಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದೆವು. ಭಾನುವಾರ ಅವರು ವಿಡಿಯೊ ಕಾಲ್ ಮಾಡಿ ನನಗೆ ಹಿಮ ತೋರಿಸುತ್ತಿದ್ದರು. ನಾನು ಅವರಿಗೆ ಅವರಮ್ಮನನ್ನು ತೋರಿಸುತ್ತಿದ್ದೆ.

"ಊಟಕ್ಕೇನು ಮಾಡ್ತೀರಿ?" ಎಂದು ಕೇಳಿದರೆ "ಹೇಗೋ ನಡೀತಿದೆ ಬಿಡು" ಎನ್ನುತ್ತಿದ್ದರು. ಆ ಮಾತು ಕೇಳಿ ನಾನು ಫೋನಿಟ್ಟು ಅತ್ತದ್ದಿದೆ. ಒಣ ಬ್ರೆಡ್ಡು ತಿಂದು ಬದುಕಿದ್ದಾರೆ ಎಂದುಕೊಂಡು ಹೋಗಿಬರುವವರ ಕೈಯಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ, ಸಾರಿನ ಪುಡಿ ಕಳಿಸುತ್ತಿದ್ದೆ. ಚಟ್ನಿಪುಡಿ ಉಳಿಯುತ್ತಿತ್ತು, ಸಾರಿನ ಪುಡಿ ಬೇಗ ಖಾಲಿಯಾಗುತ್ತಿತ್ತು. ಅನ್ನಕ್ಕೆ ಬರಿ ಪುಡಿಯನ್ನೇ ಕಲಸಿಕೊಂಡು ತಿನ್ನುತ್ತಾರೇನೋ ಪಾಪ ಎಂದು ಮುಂದಿನ ಸಲ ಎರಡು ಡಬ್ಬಿ ಕಳಿಸಿದೆ.

ಯಾಕೆಂದರೆ ಚಿದಂಬರ ಅಡುಗೆಮನೆಗೆ ಕಾಲಿಡುವವರಲ್ಲ. ಸೋಫಾದಿಂದ "ನೀರು" ಎಂದರೆ ನೀರು ಬರಬೇಕು. ತಟ್ಟೆ ಮುಂದಿಟ್ಟು "ಹೇಗಿದೆ?" ಎಂದರೆ ಪೇಪರಿನ ಹಿಂದಿನಿಂದ "ಹೂಂ" ಎನ್ನುತ್ತಾರೆ. ಇದರ ಮೇಲೆ ನಮ್ಮಲ್ಲಿ ನೈವೇದ್ಯದ ಪದ್ಧತಿ ಬೇರೆ. ದೇವರಿಗೆ ತೋರಿಸುವವರೆಗೆ ಯಾರೂ ಏನನ್ನೂ ನಾಲಗೆಗೆ ಹಚ್ಚುವ ಹಾಗಿಲ್ಲ, ಮಾಡಿದವಳೂ ಸೇರಿ. ಉಪ್ಪು ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಸಾರು ಕುದಿಯುವ ವಾಸನೆಯಲ್ಲೇ ತಿಳಿಯಬೇಕು. ಅದು ಮೂಗಿಗೆ ಹತ್ತುವವರೆಗೆ ಅತ್ತೆ ನನ್ನ ಸಾರನ್ನು ಸಮುದ್ರ ಎನ್ನುತ್ತಿದ್ದರು. ಹತ್ತಿದ ಮೇಲೆ ಏನೂ ಅನ್ನಲಿಲ್ಲ. ಆ ಮನೆಯಲ್ಲಿ ಅದೇ ಹೊಗಳಿಕೆ.

ಅವರು ಡೆನ್ಮಾರ್ಕಿನಿಂದ ಬಂದ ಮರುವರ್ಷ ನನಗೆ ಚಿಕೂನ್‌ಗುನ್ಯ ಆಯಿತು. ಜ್ವರ ಇಳಿದರೂ ಬೆರಳಿನ ಗಂಟುಗಳು ಊದಿಕೊಂಡು ಲೋಟ ಹಿಡಿಯಲಾಗುತ್ತಿರಲಿಲ್ಲ. ಒಂದು ದಿನ ಚಿದಂಬರ ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೊಸ ಊರಿಗೆ ಬಂದಿಳಿದವರ ಹಾಗೆ ಅತ್ತಿತ್ತ ನೋಡಿ, "ಉಪ್ಪು ಎಲ್ಲಿದೆ?" ಎಂದು ಕೇಳಿದರು. ನನಗೆ ಪಾಪ ಅನಿಸಿತು. "ನೀವು ಹೋಗಿ ಕೂತ್ಕೊಳ್ಳಿ" ಎಂದು ಎದ್ದೆ. ಅಂಗೈಯ ಬುಡದಲ್ಲಿ ಒತ್ತಿ ಒತ್ತಿ ಚಪಾತಿ ಹಿಟ್ಟು ಕಲಸಿದೆ. ಅವರು ಹೋಗಿ ಕೂತರು. ಆ ದಿನವನ್ನು ಇಲ್ಲಿ ಹೇಳಿರುವುದಕ್ಕೆ ಕಾರಣವಿದೆ.

ಈ ಜನವರಿಯ ಕೊನೆಗೆ ಅವರ ರಿಟೈರ್‌ಮೆಂಟ್ ಇತ್ತು. ಈಗ ನಾವು ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೇವೆ. ಸಂಕ್ರಾಂತಿಯ ಮರುವಾರ, ಹೀಟರಿನ ಮುಂದೆ ಕಾಲು ಚಾಚಿ ಅವರು ಹೇಳಿದರು:

"ಫೇರ್‌ವೆಲ್‌ಗೆ ಸಮೋಸಾ ಎಲ್ಲರೂ ಕೊಡ್ತಾರೆ. ನಾನು ಸೆಕ್ಷನ್ನಿಗೆಲ್ಲ ಹಿನ್‌ಬೇರ್‌ಸ್ನಿಟ್ಟರ್ ಕೊಡಬೇಕು ಅಂತಿದೀನಿ."

"ಎಲ್ಲಿ ಸಿಗುತ್ತೆ?"

"ಸಿಗಲ್ಲ. ಮನೇಲೇ ಮಾಡಬೇಕು."

ನಮ್ಮ ಮನೆಯಲ್ಲಿ ಮಾಡಬೇಕು ಎಂದರೆ ನಾನು ಮಾಡಬೇಕು. ಆದರೂ ಒಪ್ಪಿದೆ. ಒಮ್ಮೆ ಮಾಡಿ ಕೊಟ್ಟರೆ ಆ ಹೆಸರು ಕೇಳುವುದಾದರೂ ತಪ್ಪೀತು ಎನ್ನುವುದು ನನ್ನ ಆಸೆ. ಸ್ಫೂರ್ತಿ ಮಾನೇಸರ್‌ನಲ್ಲಿ ಗಾಡಿಯ ಬ್ರೇಕಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲೇ ರೂಮು, ಶನಿವಾರ ಮನೆಗೆ ಬರುತ್ತಾಳೆ. ಅವಳು ಓವನ್ ಹೊತ್ತುಕೊಂಡು ಬಂದು ಮೇಜಿನ ಮೇಲಿಟ್ಟಳು.

"ಅಮ್ಮಾ, ಬೇಸಿಕಲಿ ಬಿಸ್ಕಿಟ್ ಹೀ ತೋ ಹೈ. ಟೆನ್ಶನ್ ಮತ್ ಲೋ." ಬರೀ ಬಿಸ್ಕತ್ತು ತಾನೆ, ತಲೆ ಕೆಡಿಸಿಕೊಳ್ಳಬೇಡ ಎಂದಳು.

ಐಎನ್‌ಎ ಮಾರ್ಕೆಟ್ಟಿನಲ್ಲಿ ರಾಸ್ಪ್‌ಬೆರಿ ಜಾಮ್ ಸಿಕ್ಕಿತು. ಸಾಮಾನು ಕಟ್ಟುತ್ತಿದ್ದ ಭಯ್ಯಾ, "ಮೊಟ್ಟೆ ಬೇಡವಾ ಮೇಡಂ?" ಎಂದು ಹಿಂದಿಯಲ್ಲಿ ಕೇಳಿದ. ದೇವರ ಮುಂದೆ ಇಡುವ ತಿಂಡಿ, ಮೊಟ್ಟೆ ಹಾಕುವುದಿಲ್ಲ ಎಂದೆ. ಅವನು ಜಾಮಿನ ಬಾಟಲಿಯ ಮೇಲಿದ್ದ ವಿದೇಶಿ ಅಕ್ಷರಗಳನ್ನೂ ನನ್ನನ್ನೂ ನೋಡಿ ಬಾಟಲಿಯನ್ನು ಚೀಲಕ್ಕಿಳಿಸಿದ. ಮೇಲೆ ಉದುರಿಸುವ ಬಣ್ಣದ ಕಾಳನ್ನು ನಾನು ಕೊಳ್ಳಲಿಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆಂದು ತಂಗಿ ಮೈಸೂರಿನಿಂದ ಕಳಿಸಿದ್ದ ಜೀರಿಗೆ ಪೆಪ್ಪರ್‌ಮಿಂಟು ಒಂದು ಡಬ್ಬಿ ಹಾಗೇ ಇತ್ತು. ಬಣ್ಣ ಬಣ್ಣವೇ. ಒಳಗೆ ಒಂದು ಜೀರಿಗೆ ಇದ್ದರೆ ಡೆನ್ಮಾರ್ಕಿಗೇನೂ ನಷ್ಟವಿಲ್ಲ.

ಭಾನುವಾರ ಬೆಳಿಗ್ಗೆ ಪರೀಕ್ಷೆಗೆಂದು ಒಂದು ತಟ್ಟೆ ಮಾಡಿ ನೋಡೋಣ ಎಂದು ಶುರುಮಾಡಿದೆವು. ಸ್ಫೂರ್ತಿ ಫೋನಿನಲ್ಲಿ ವಿಡಿಯೊ ಹಾಕಿದಳು. ಚಿದಂಬರ ಹಾಲ್‌ನಲ್ಲಿ ಪೇಪರ್ ಹಿಡಿದು ಕೂತಿದ್ದರು. ನಾನು ಮೈದಾ, ಬೆಣ್ಣೆ, ಪುಡಿ ಸಕ್ಕರೆ, ಒಂದಿಷ್ಟು ಹಾಲು ಸೇರಿಸಿ ಚಪಾತಿಯ ಹಿಟ್ಟಿನ ಹಾಗೆ ಚೆನ್ನಾಗಿ ನಾದತೊಡಗಿದೆ.

"ಅಷ್ಟು ನಾದಬೇಡ. ಗಟ್ಟಿ ಆಗುತ್ತೆ," ಎಂದು ಹಾಲ್‌ನಿಂದ ದನಿ ಬಂತು.

ಅಲ್ಲಿಂದ ನನ್ನ ಕೈ ಕಾಣುವುದಿಲ್ಲ. ಶಬ್ದ ಕೇಳಿ ಹೇಳಿದ್ದರು. ನಾನು ನಾದುವುದನ್ನು ನಿಲ್ಲಿಸಿದೆ.

"ಈಗ ಸ್ವಲ್ಪ ಹೊತ್ತು ತಣ್ಣಗಿಡು. ಫ್ರಿಜ್ ಯಾಕೆ, ಬಾಲ್ಕನೀಲಿಡು. ಈ ಚಳಿ ಸಾಕು."

ಬಾಲ್ಕನಿಯಲ್ಲಿಟ್ಟೆ. ತೆಗೆದು ಲಟ್ಟಿಸಲು ಹೋದರೆ ಹಿಟ್ಟು ಒಡೆದು ಲಟ್ಟಣಿಗೆಗೆ ಅಂಟಿತು. ಮತ್ತೆ ಮುದ್ದೆ ಮಾಡಿದೆ, ಮತ್ತೆ ಒಡೆಯಿತು. ವಿಡಿಯೊದ ಹೆಂಗಸು ನಗುತ್ತಲೇ ಇದ್ದಳು. ಆಗ ಚಿದಂಬರ ಪೇಪರ್ ಮಡಚಿಟ್ಟು ಒಳಗೆ ಬಂದರು. ಹಾಲಿನ ಪ್ಯಾಕೆಟ್ಟಿನ ದಪ್ಪ ಕವರು ಎರಡನ್ನು ಕತ್ತರಿಸಿ ಹರವಿ, ನಡುವೆ ಹಿಟ್ಟಿಟ್ಟು, ನನ್ನ ಕೈಯಿಂದ ಲಟ್ಟಣಿಗೆ ತೆಗೆದುಕೊಂಡರು. ನಡುವಿನಿಂದ ಹೊರಕ್ಕೆ ಒತ್ತುತ್ತ, ಪ್ರತಿ ಸಲಕ್ಕೂ ಕವರನ್ನು ಒಂದಿಷ್ಟು ತಿರುಗಿಸುತ್ತ, ಅಂಚು ಬಂದಾಗ ಮಣಿಕಟ್ಟನ್ನು ಹಗುರ ಮಾಡುತ್ತ, ಒಂದೇ ಒಂದು ಬಿರುಕಿಲ್ಲದ ಎರಡು ಹಾಳೆ ಮಾಡಿಟ್ಟರು. ಎಲ್ಲ ಕಡೆ ಒಂದೇ ದಪ್ಪ.

"ಪಪ್ಪಾ, ಆಪ್ ತೋ ಪ್ರೋ ನಿಕ್ಲೇ," ಎಂದು ಅಪ್ಪನ ಪಳಗಿದ ಕೈಯನ್ನು ಹೊಗಳಿದಳು ಸ್ಫೂರ್ತಿ.

"ಇದೇನು ಮಹಾ," ಎಂದು ಅವರು ಮತ್ತೆ ಹಾಲ್‌ಗೆ ಹೋದರು.

ನಾನು ಆ ಕೈಯನ್ನು ನೋಡುತ್ತ ನಿಂತುಬಿಟ್ಟಿದ್ದೆ. ಇಪ್ಪತ್ತೇಳು ವರ್ಷ ಒಂದು ಲೋಟ ತೊಳೆಯದ ಕೈ ಅದು. ಹಾಳೆಗಳು ಓವನ್ನಿಗೆ ಹೋದವು. ಗಾಜಿನಲ್ಲಿ ನೋಡಿದರೆ ಇನ್ನೂ ಬಿಳಿಚಿಕೊಂಡೇ ಇದ್ದವು. ಹಾಲ್‌ನಿಂದ ಅವರು ಮೂಗೆಳೆದ ಸದ್ದು ಕೇಳಿಸಿತು.

"ತೆಗಿ. ಹಿಂದಿನ ಅಂಚು ಕೆಂಪಾಗಿದೆ."

ತೆಗೆದೆವು. ಹಿಂದಿನ ಅಂಚು ಕೆಂಪಾಗಿತ್ತು.

ಪುಸ್ತಕ ಓದಿ, ವಿಡಿಯೊ ನೋಡಿ ಇಂಥದ್ದು ಬರುವುದಿಲ್ಲ. ಯಾರೋ ಪಕ್ಕದಲ್ಲಿ ನಿಂತು, ಕೈ ಹಿಡಿದು, ಹೀಗಲ್ಲ ಹಾಗೆ ಎಂದು ಕಲಿಸಬೇಕು. ನನಗೆ ಅತ್ತೆ ಕಲಿಸಿದರು. ಇವರಿಗೆ ಯಾರು ಕಲಿಸಿದರು? ಜಾಮ್ ಸವರಿ, ಎರಡನೇ ಹಾಳೆ ಮುಚ್ಚಿ, ಸಕ್ಕರೆ ಲೇಪ ಹಚ್ಚಿ, ಜೀರಿಗೆ ಪೆಪ್ಪರ್‌ಮಿಂಟು ಉದುರಿಸುವಷ್ಟರಲ್ಲಿ ನನಗೆ ಉತ್ತರ ಸಿಕ್ಕಿತ್ತು. ಹೆಂಗಸು. ಎತ್ತರದ ಹೆಂಗಸು. ಅವರು ಕಳಿಸಿದ್ದ ಫೋಟೊಗಳಲ್ಲಿ ಆ ಊರಿನಲ್ಲಿ ಕುಳ್ಳಗಿನವರು ಯಾರೂ ಇರಲಿಲ್ಲ.

ಬಿಲ್ಲೆಗಳನ್ನು ಕತ್ತರಿಸಿ ಬೆಳ್ಳಿಯ ಬಟ್ಟಲಿನಲ್ಲಿಟ್ಟು, ಮೇಲೊಂದು ತುಳಸಿ ಹಾಕಿ ದೇವರ ಮುಂದಿಟ್ಟೆ. ಆಮೇಲೆ ಎಲ್ಲರೂ ತಿಂದೆವು. ಚೆನ್ನಾಗಿತ್ತು. ಜಾಮಿನ ಹುಳಿ ಮುಗಿದ ಮೇಲೆ ಕೊನೆಗೊಂದು ಜೀರಿಗೆ ಹಲ್ಲಿಗೆ ಸಿಗುತ್ತಿತ್ತು.

"ಎಲ್ಲಿ ಕಲಿತಿರಿ?" ಎಂದೆ.

"ಕಲಿಯೋದೇನು. ನೋಡಿದ್ದೆ."

"ಎಲ್ಲಿ?"

"ಬೇಕರೀಲಿ. ಗಾಜಿನಾಚೆ ಮಾಡ್ತಾ ಇರ್ತಿದ್ರು."

"ವಾಸನೆನೂ ಗಾಜಿನಾಚೆಯಿಂದ ಬರ್ತಿತ್ತಾ?"

ಅವರು ಇನ್ನೊಂದು ಬಿಲ್ಲೆ ತೆಗೆದುಕೊಂಡು ಪೇಪರ್ ಬಿಡಿಸಿದರು.

ಆ ವಾರವೆಲ್ಲ ನಾನು ಆ ಹೆಂಗಸಿನ ಜೊತೆ ಬಾಳಿದೆ. ಸ್ಟೌ ಒರೆಸುವಾಗ ಅವಳಿಗೆ ಒಂದು ಏಪ್ರನ್ ತೊಡಿಸಿದೆ. ಬಟ್ಟೆ ಒಣಹಾಕುವಾಗ ಕೂದಲಿನ ಬಣ್ಣ ಗೊತ್ತುಮಾಡಿದೆ. ನಾನು ಅತ್ತೆಯ ಬೆನ್ನಿಗೆ ಪೌಡರ್ ಹಾಕಿ ಮಗ್ಗುಲು ಬದಲಿಸುತ್ತಿದ್ದಾಗ ಇವರು ಅವಳ ಪಕ್ಕ ನಿಂತು ಹಿಟ್ಟು ಲಟ್ಟಿಸುತ್ತಿದ್ದರು ಎನ್ನುವುದನ್ನು ನೆನೆದು ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಹೊಟ್ಟೆ ಉರಿಯುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಬುಧವಾರದ ಹೊತ್ತಿಗೆ ಉರಿ ತಣ್ಣಗಾಯಿತು. ಪರದೇಶ, ಒಂಟಿ ಗಂಡಸು, ಮಧ್ಯಾಹ್ನಕ್ಕೇ ಕತ್ತಲಾಗುವ ಚಳಿಗಾಲ. ಯಾರೋ ಒಬ್ಬಳು ಬಿಸಿಯಾಗಿ ಏನಾದರೂ ಮಾಡಿಕೊಟ್ಟಿರಬಹುದು. ನಾನು ಕ್ಷಮಿಸುವುದು ಎಂದು ತೀರ್ಮಾನಿಸಿದೆ. ಆದರೆ ಅವರು ತಾವಾಗಿ ಹೇಳಬೇಕು. ಸುಳ್ಳು ಹೊದ್ದುಕೊಂಡು ರಿಟೈರಾಗಿ ಬಂದು ದಿನವಿಡೀ ನನ್ನ ಎದುರು ಕೂತರೆ ನಾನು ಹೇಗೆ ಬದುಕಲಿ? ಹೇಳಿದರೆ ಏನನ್ನಬೇಕು ಎಂದು ನಾಲ್ಕು ಮಾತು ಸಿದ್ಧವಾಗಿಟ್ಟುಕೊಂಡೆ. ಒಳ್ಳೆಯ ಮಾತುಗಳೇ.

ಅವರು ಹೇಳಲಿಲ್ಲ. ಗುರುವಾರ ನಾನೊಬ್ಬಳೇ ಅಡುಗೆಮನೆಯ ಬಾಗಿಲು ಹಾಕಿಕೊಂಡು ಸೆಕ್ಷನ್ನಿಗಾಗುವಷ್ಟು ಜಾಮ್ ಬಿಲ್ಲೆ ಮಾಡಿದೆ. ಲಟ್ಟಿಸುವುದನ್ನು ಒಮ್ಮೆ ನೋಡಿದ್ದೆನಲ್ಲ, ಅಷ್ಟು ಸಾಕಾಯಿತು.

ಶುಕ್ರವಾರ ಮಧ್ಯಾಹ್ನ ಕಚೇರಿಯ ಕಾನ್ಫರೆನ್ಸ್ ರೂಮಿನಲ್ಲಿ ಬೀಳ್ಕೊಡುಗೆ. ರಿಟೈರಾಗುವವರ ಹೆಂಡತಿಯನ್ನೂ ಕರೆಸಿ ಪಕ್ಕದಲ್ಲಿ ಕೂರಿಸುವುದು ಇಲ್ಲಿಯ ಕ್ರಮ. ಚೆಂಡುಹೂವಿನ ಹಾರ ಹಾಕಿಸಿಕೊಂಡು ನಾವಿಬ್ಬರೂ ಕೂತೆವು. ಪೇಪರ್ ತಟ್ಟೆಯಲ್ಲಿ ಒಂದು ಸಮೋಸಾ, ಒಂದಿಷ್ಟು ಚಿಪ್ಸು, ಒಂದು ಜಾಮ್ ಬಿಲ್ಲೆ ಎಲ್ಲರ ಕೈ ಸೇರಿತು. ಭಾಷಣಗಳು ಶುರುವಾಗುವ ಮುಂಚೆ ಗಟ್ಟಿಮುಟ್ಟಾದ ಒಬ್ಬರು, ಮೀಸೆ ತಿರುವಿದವರು, ನೇರ ನಮ್ಮ ಮುಂದೆ ಬಂದು ನಿಂತರು. ಚಿದಂಬರ ಕುರ್ಚಿಯಲ್ಲಿ ಸ್ವಲ್ಪ ಹಿಂದೆ ಸರಿದರು.

"ನಮಸ್ಕಾರ ಅಕ್ಕಾ. ನಾನು ಅಪ್ಪಚ್ಚು. ಕೊಡಗಿನವನು. ಮಿಲಿಟರಿ ಬಿಟ್ಟ ಮೇಲೆ ಕೋಪನ್‌ಹೇಗನ್ನಲ್ಲಿ ಎಂಬೆಸಿ ಸೆಕ್ಯುರಿಟೀಲಿದ್ದೆ. ಸಾರೂ ನಾನೂ ಒಂದೇ ಫ್ಲ್ಯಾಟು, ಮೂರು ವರ್ಷ. ಈಗ ಮಾನೇಸರ್‌ನಲ್ಲಿದೀನಿ, ಸಾರ್ ಫೇರ್‌ವೆಲ್ ಅಂತ ಕೇಳಿ ಬಂದೆ."

ಈ ಹೆಸರನ್ನು ನಾನು ಕೇಳಿಯೇ ಇರಲಿಲ್ಲ. ನಮಸ್ಕಾರ ಎಂದೆ. ಅಪ್ಪಚ್ಚು ಜಾಮ್ ಬಿಲ್ಲೆಯನ್ನು ಅರ್ಧ ಕಚ್ಚಿ, ಕಣ್ಣು ಮುಚ್ಚಿ, ತಲೆದೂಗಿದರು.

"ಸಾರ್, ಕೈ ಹಾಗೇ ಇದೆ ನಿಮ್ದು. ಜೀರಿಗೆ ಹೊಸದು. ಅಕ್ಕಾ, ಗೊತ್ತಲ್ಲ, ಅಲ್ಲಿ ಲೈಬ್ರರೀಲಿ ಹೊರದೇಶದವರಿಗೆ ಅಂತ ಬೇಕಿಂಗ್ ಕ್ಲಾಸು ಇತ್ತು. ನಾನೂ ಸಾರೂ ಸೇರಿದ್ವಿ. ನಾನು ಫೇಲು. ಸಾರ್ ಫಸ್ಟು."

"ಹೌದಾ?" ಎಂದೆ.

"ಮೊದಲು ಏನೂ ಬರ್ತಿರಲಿಲ್ಲ ಇವರಿಗೆ. 'ಸಾರ್, ನನ್ನ ಫ್ಲ್ಯಾಟಲ್ಲಿ ಅಡುಗೆ ಮಾಡದವನಿಗೆ ಊಟ ಇಲ್ಲ' ಅಂದುಬಿಟ್ಟೆ. ಒಂದಿನ ನಾನು, ಒಂದಿನ ಅವರು. ಆಮೇಲೆ ನೋಡಿ, ಚಪಾತಿ ಏನು, ಪಲ್ಯ ಏನು. ನೀವು ಕಳಿಸ್ತಿದ್ದ ಪುಡಿ ಹಾಕಿ ಸಾರು ಮಾಡಿದ್ರೆ ಪಕ್ಕದ ಮನೆಯವರು ಬಾಗಿಲು ತಟ್ಟೋರು. ರುಚಿನೂ ನೋಡ್ತಿರಲಿಲ್ಲ, ದೇವರಿಗೆ ಇಡಬೇಕು ಅಂತ. ಮೂಗಲ್ಲೇ ಉಪ್ಪು ಹೇಳ್ತಿದ್ರು. ನನಗೆ ಜ್ವರ ಬಂದಾಗ ಒಂದು ವಾರ ಗಂಜಿ ಮಾಡಿ ಕುಡಿಸಿದಾರೆ. ಪುಣ್ಯವಂತರು ಅಕ್ಕಾ ನೀವು. ದಿನಾ ಆ ಕೈ ಊಟ."

ಅಪ್ಪಚ್ಚು ಕೈಮುಗಿದು ಸಮೋಸಾದ ಕಡೆ ಹೋದರು. ಒಳ್ಳೆಯ ಮನುಷ್ಯ. ಅವರ ಮೇಲೆ ನನಗೆ ಏನೂ ಸಿಟ್ಟಿಲ್ಲ.

ಎತ್ತರದ ಹೆಂಗಸು ಏಪ್ರನ್ ಬಿಚ್ಚಿಟ್ಟು ಹೊರಟುಹೋದಳು. ಅವಳಿದ್ದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನಿಸಿತು. ಅವಳನ್ನು ಕ್ಷಮಿಸಲು ನಾಲ್ಕು ಮಾತು ಸಿದ್ಧವಿತ್ತು. ಇದಕ್ಕೆ ನನ್ನ ಹತ್ತಿರ ಒಂದು ಮಾತೂ ಇರಲಿಲ್ಲ. ಹಾರದ ಒಳಗೆ ಕತ್ತು ಕಡಿಯುತ್ತಿತ್ತು. ಬೆರಳುಗಳನ್ನು ನೋಡಿಕೊಂಡೆ. ಚಳಿಗಾಲದಲ್ಲಿ ಅವು ಈಗಲೂ ಪೂರ್ತಿ ಮಡಚುವುದಿಲ್ಲ.

ಸಾಹೇಬರು ಮಾತಾಡಿದರು. ಪ್ರತಿಯೊಬ್ಬ ಪ್ರಾಮಾಣಿಕ ನೌಕರನ ಹಿಂದೆ ಒಬ್ಬ ತ್ಯಾಗಮಯಿ ಹೆಣ್ಣು ಇರುತ್ತಾಳೆ ಎಂದರು. ಎಲ್ಲರೂ ನನ್ನನ್ನು ನೋಡಿ ಚಪ್ಪಾಳೆ ತಟ್ಟಿದರು. ಮೈಕು ಹಿಡಿದಿದ್ದ ಹುಡುಗಿ ಅದನ್ನು ನನ್ನ ಕೈಗೆ ಕೊಟ್ಟು, "ಭಾಭೀಜಿ, ದೋ ಶಬ್ದ್" ಎಂದು ಎರಡು ಮಾತಾಡಲು ಹೇಳಿದಳು. ಸಾಮಾನ್ಯವಾಗಿ ಹೆಂಡತಿಯರು ಬೇಡ ಬೇಡ ಎಂದು ಮೈಕು ವಾಪಸು ಕೊಡುತ್ತಾರೆ. ನಾನು ಎದ್ದು ನಿಂತೆ.

"ಸುನಾ ಹೈ ಯೇ ಖಾನಾ ಬಹುತ್ ಅಚ್ಛಾ ಬನಾತೇ ಹೈಂ," ಎಂದೆ. ಇವರು ಅಡುಗೆ ಬಹಳ ಚೆನ್ನಾಗಿ ಮಾಡುತ್ತಾರಂತೆ. "ಮೈಂನೇ ಅಭೀ ತಕ್ ಖಾಯಾ ನಹೀಂ." ನಾನಿನ್ನೂ ತಿಂದಿಲ್ಲ.

ರೂಮೆಲ್ಲ ನಕ್ಕಿತು. ಸಾಹೇಬರು ಮೇಜು ತಟ್ಟಿ ನಕ್ಕರು. ಇಷ್ಟು ಒಳ್ಳೆಯ ತಮಾಷೆ ಯಾವ ಬೀಳ್ಕೊಡುಗೆಯಲ್ಲೂ ಆಗಿರಲಿಲ್ಲ ಎಂದು ಆಮೇಲೆ ಇಬ್ಬರು ಬಂದು ಹೇಳಿದರು. ನಗದೆ ಉಳಿದವರು ಇಬ್ಬರೇ. ಒಬ್ಬರು ಅಪ್ಪಚ್ಚು, ಅವರು ಸಮೋಸಾ ಹಿಡಿದುಕೊಂಡು ಚಿದಂಬರರ ಮುಖವನ್ನೇ ನೋಡುತ್ತಿದ್ದರು. ಚಿದಂಬರ ನೆಲ ನೋಡುತ್ತಿದ್ದರು.

ಮನೆಗೆ ಬರುವಾಗ ಆಟೋದಲ್ಲಿ, ಮಡಿಲಲ್ಲಿ ಹಾರಗಳ ಚೀಲ ಇಟ್ಟುಕೊಂಡು, ಅವರೇ ಮಾತು ತೆಗೆದರು.

"ಹೇಳೋಣ ಅಂತಲೇ ಇದ್ದೆ."

"ಯಾವಾಗ?"

"ಬಂದ ದಿನಾನೇ. ನೀನು ಹೋಳಿಗೆ ಮಾಡಿದ್ದೆ. ಕೂತ್ಕೊಳ್ಳಿ ಅಂತ ತಟ್ಟೆ ಮುಂದಿಟ್ಟೆ. ಕೂತೆ." ಚೀಲದ ಬಾಯಿ ಮಡಚಿದರು. "ಕೂತ ಮೇಲೆ ಏಳೋದು ಕಷ್ಟ ಆಯ್ತು."

ಆಟೋ ಸಿಗ್ನಲ್ಲಿನಲ್ಲಿ ನಿಂತಿತು. ಅವರು ಹೇಳಿದ್ದು ನಿಜ ಎಂದು ನನಗೆ ಗೊತ್ತಾಯಿತು. ನಿಜವಾದ್ದರಿಂದಲೇ ಸಿಟ್ಟು ಇನ್ನೂ ಹೆಚ್ಚಾಯಿತು. ಸುಳ್ಳಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಶನಿವಾರ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ನಾನು ಹಾಲ್‌ಗೆ ಬಂದು ಸೋಫಾದಲ್ಲಿ ಅವರ ಜಾಗದಲ್ಲಿ ಕೂತೆ. ಪೇಪರ್ ಬಿಡಿಸಿದೆ. ಚಿದಂಬರ ಬಂದು ನೋಡಿದರು. ಕೆಮ್ಮಿದರು. ನಾನು ಪುಟ ತಿರುಗಿಸಿದೆ. ಮಾನೇಸರ್‌ನಿಂದ ಬಂದ ಸ್ಫೂರ್ತಿ ಚಪ್ಪಲಿ ಬಿಡುತ್ತ ನಮ್ಮಿಬ್ಬರನ್ನೂ ನೋಡಿ, "ಕ್ಯಾ ಹುವಾ?" ಎಂದಳು. ಏನೂ ಆಗಿಲ್ಲ ಎಂದೆ. ಅವಳು ರೂಮಿಗೆ ಹೋದಳು.

ಚಿದಂಬರ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು ಅಡುಗೆಮನೆಗೆ ಹೋದರು. ನಾನು ಕಿವಿಗೊಟ್ಟು ಕೇಳಿದೆ. ಬೇಳೆಯ ಡಬ್ಬಿ ತೆರೆದ ಸದ್ದು, ಕುಕ್ಕರಿನ ಸದ್ದು, ಹುಣಸೆಹಣ್ಣು ಕಿವುಚಿದ ಸದ್ದು, ಕೊನೆಗೆ ಸಾಸಿವೆ ಸಿಡಿದದ್ದು. ಯಾವ ಡಬ್ಬಿಗೂ ತಡಕಾಡಲಿಲ್ಲ. ಉಪ್ಪು ಎಲ್ಲಿದೆ ಎಂದು ಕೇಳಲಿಲ್ಲ. ಸಾರು ಕುದಿಯುವ ವಾಸನೆ ಹಾಲ್‌ಗೆ ಬಂತು. ಉಪ್ಪು ಸರಿಯಾಗಿತ್ತು.

ದೇವರಿಗೆ ತೋರಿಸಿ, ಗಂಟೆ ಬಾರಿಸಿ, ತಟ್ಟೆಯಲ್ಲಿ ಅನ್ನ ಸಾರು ಬಡಿಸಿ ನನ್ನ ಮುಂದಿಟ್ಟರು. ತಾವು ಕೂರಲಿಲ್ಲ. ಸೌಟು ಹಿಡಿದುಕೊಂಡು ಪಕ್ಕದಲ್ಲೇ ನಿಂತರು. ನಾನು ಕಲಸಿ ಒಂದು ತುತ್ತು ತಿಂದೆ. ಇನ್ನೊಂದು ತಿಂದೆ. ಕಣ್ಣಲ್ಲಿ ನೀರು ಬಂತು. ಖಾರ ಏನೂ ಹೆಚ್ಚಾಗಿರಲಿಲ್ಲ.

"ಹೇಗಿದೆ?" ಎಂದು ಕೇಳಿದರು.

ಹೂಂ ಎಂದುಬಿಡಬಹುದಿತ್ತು. ಬಾಯಿಗೆ ಬಂದಿತ್ತು ಕೂಡ.

"ಚೆನ್ನಾಗಿದೆ," ಎಂದೆ. "ನನ್ನ ಬೆರಳು ಊದಿಕೊಂಡಿದ್ದಾಗ ಮಾಡಿದ್ರೂ ಇಷ್ಟೇ ಚೆನ್ನಾಗಿ ಬರ್ತಿತ್ತು, ಅಲ್ವಾ?"

ಅವರ ಕೈಯ ಸೌಟು ಓರೆಯಾಗಿ ಎರಡು ಹನಿ ಸಾರು ನೆಲಕ್ಕೆ ಬಿತ್ತು. ಒರೆಸುವ ಬಟ್ಟೆ ಎಲ್ಲಿದೆ ಎನ್ನುವುದು ಅವರಿಗೆ ಗೊತ್ತಿತ್ತು, ಹೋಗಿ ತಂದು ಬಗ್ಗಿ ಒರೆಸಿದರು. ಅವರು ಎದ್ದು ನಿಂತ ಮೇಲೆ ನಾನು ಇನ್ನೊಂದು ಸೌಟು ಸಾರಿಗೆ ತಟ್ಟೆಯನ್ನು ಮುಂದೆ ಹಿಡಿದೆ.